ನಾಯಿಮರಿಗೆ ಹೊರಗೆ ಶೌಚ ಮಾಡಲು ಕಲಿಸುವ ಕ್ರಮ

ಹುಟ್ಟಿದ ಮೊದಲ ಎರಡು–ಮೂರು ವಾರಗಳ ಕಾಲ ನಾಯಿಮರಿಗೆ ತಾನಾಗಿ ಮಲಮೂತ್ರ ವಿಸರ್ಜಿಸುವ ಶಕ್ತಿ ಇರುವುದಿಲ್ಲ. ತಾಯಿ ನೆಕ್ಕಿ ಪ್ರಚೋದಿಸಿದಾಗ ಮಾತ್ರ ವಿಸರ್ಜನೆಯಾಗುತ್ತದೆ. ಮಲಗುವ ಜಾಗ ಕೊಳೆಯಾಗದಂತೆ ತಾಯಿಯೇ ಅದನ್ನು ನೆಕ್ಕಿ ಶುಚಿ ಮಾಡುತ್ತದೆ. ಕಾಲಿಗೆ ಬಲ ಬಂದು ಓಡಾಡತೊಡಗಿದ ಮೇಲೆ ಮರಿಯು ಯಾರೂ ಹೇಳಿಕೊಡದಿದ್ದರೂ ಮಲಗಿದ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಕೂರುತ್ತದೆ. ಮಲಗುವಲ್ಲಿ ಹೊಲಸು ಮಾಡಬಾರದೆಂಬ ಅರಿವು ಹೀಗೆ ಅದರೊಂದಿಗೇ ಬಂದಿರುತ್ತದೆ. ಪಡಸಾಲೆ, ಅಡುಗೆಮನೆ, ಮಹಡಿಯ ಕೋಣೆ ಎಲ್ಲವೂ ಸೇರಿ ತನ್ನ ಮಲಗುವ ಜಾಗವೇ ಎಂಬುದು ಮಾತ್ರ ಅದಕ್ಕೆ ತಿಳಿದಿರುವುದಿಲ್ಲ. ಆ ಅರಿವನ್ನು ಮರಿಯ ಸಣ್ಣ ಹಾಸಿಗೆಯಿಂದ ಆರಂಭಿಸಿ ಇಡೀ ಮನೆಗೆ ನಿಧಾನವಾಗಿ ಹಿಗ್ಗಿಸುವುದೇ ಶೌಚದ ತರಬೇತಿಯ ಒಟ್ಟು ಕೆಲಸ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು. ಎರಡು ತಿಂಗಳ ಆಸುಪಾಸಿನಲ್ಲಿ ಮರಿಗೆ ಶೌಚದ ಸಮಯದಲ್ಲಿ ಕಾಲಡಿಗೆ ಸಿಗುವ ನೆಲ ಯಾವುದೋ ಅದರ ಮೇಲೆಯೇ ಒಲವು ಬೆಳೆಯತೊಡಗುತ್ತದೆ. ಹುಲ್ಲಿನ ಮೇಲೆ ರೂಢಿಯಾದದ್ದು ಹುಲ್ಲನ್ನೇ ಹುಡುಕುತ್ತದೆ, ಮಣ್ಣಿನ ಮೇಲೆ ರೂಢಿಯಾದದ್ದು ಮಣ್ಣನ್ನೇ ಹುಡುಕುತ್ತದೆ, ಕಾಲೊರಸಿನ ಮೇಲೆ ರೂಢಿಯಾದದ್ದು ಮನೆಯಲ್ಲಿರುವ ಕಾಲೊರಸುಗಳನ್ನೆಲ್ಲ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಮರಿ ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲಿ ಅದು ಒಳಗೆ ತಪ್ಪು ಮಾಡಿದ ಮೇಲೆ ತಿದ್ದುವುದಕ್ಕಿಂತ ತಪ್ಪು ಮಾಡುವ ಅವಕಾಶವನ್ನೇ ಕೊಡದಿರುವುದು ಹೆಚ್ಚು ಫಲ ಕೊಡುತ್ತದೆ.

ಮರಿಯನ್ನು ತರುವ ವಯಸ್ಸೂ ಇಲ್ಲಿ ಮುಖ್ಯವಾಗುತ್ತದೆ. ನಾಯಿಗಳ ಸಂತಾನೋತ್ಪತ್ತಿ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೂ ಕಣ್ಣು ಬಿಟ್ಟು ಕೆಲವೇ ದಿನಗಳಾದ ಮರಿಯನ್ನು ‘ಚಿಕ್ಕದಿದ್ದರೆ ಬೇಗ ಒಗ್ಗಿಕೊಳ್ಳುತ್ತದೆ’ ಎಂದು ಕೈಗೆ ಹಾಕಿ ಕಳಿಸುವವರಿದ್ದಾರೆ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಕಳೆಯುವ ಆ ವಾರಗಳಲ್ಲಿಯೇ ಮಲಗುವ ಜಾಗ ಬೇರೆ, ಶೌಚದ ಜಾಗ ಬೇರೆ ಎಂಬ ಅಭ್ಯಾಸ ಗಟ್ಟಿಯಾಗುವುದರಿಂದ ಅವಸರಪಟ್ಟು ತಂದ ಮರಿಗೆ ಕಲಿಸುವುದು ಕಷ್ಟ. ಇಕ್ಕಟ್ಟಾದ ಪಂಜರದಲ್ಲಿಯೇ ಬೆಳೆದು, ತನ್ನ ಹೊಲಸಿನ ಮೇಲೆಯೇ ಮಲಗಬೇಕಾಗಿ ಬಂದ ಮರಿಯ ವಿಷಯವೂ ಹಾಗೆಯೇ. ಅಂಥ ಮರಿಯನ್ನು ತಂದಿದ್ದರೆ ಮುಂದೆ ಹೇಳುವ ಪ್ರತಿಯೊಂದಕ್ಕೂ ಹೆಚ್ಚು ಸಮಯ ಹಿಡಿಯುತ್ತದೆಂದು ಮೊದಲೇ ಮನಸ್ಸು ಮಾಡಿಕೊಳ್ಳುವುದು ಒಳ್ಳೆಯದು.

ಜಾಗದ ಆಯ್ಕೆ

ಮರಿ ಬರುವ ಮುನ್ನವೇ ಮನೆಯವರೆಲ್ಲರೂ ಕೂತು ಒಂದು ಜಾಗವನ್ನು ಗೊತ್ತು ಮಾಡಿಕೊಳ್ಳಬೇಕು. ಬಾಗಿಲಿನಿಂದ ಅಲ್ಲಿಗೆ ತಲುಪಲು ಹೆಚ್ಚು ಹೊತ್ತು ಹಿಡಿಯಬಾರದು, ಏಕೆಂದರೆ ಎರಡು ತಿಂಗಳ ಮರಿಗೆ ಒತ್ತಡ ಬಂದ ಮೇಲೆ ತಡೆದುಕೊಳ್ಳುವ ಶಕ್ತಿ ಬಹಳ ಕಡಿಮೆ. ಹಿತ್ತಲಿರುವ ಮನೆಯಲ್ಲಿ ಗೋಡೆಯ ಬದಿಯ ಮಣ್ಣಿನ ಪಟ್ಟಿ ಅಥವಾ ಹುಲ್ಲಿನ ಮೂಲೆ ಸಾಕು. ತುಳಸಿಕಟ್ಟೆಯ ಸುತ್ತ, ರಂಗೋಲಿ ಹಾಕುವ ಅಂಗಳ ಮತ್ತು ಪಕ್ಕದ ಮನೆಯ ಗೇಟಿನ ಮುಂಭಾಗಗಳನ್ನು ಮೊದಲ ದಿನದಿಂದಲೇ ಬಿಡಬೇಕು; ಒಮ್ಮೆ ರೂಢಿಯಾದ ಜಾಗವನ್ನು ಮುಂದೆ ಬದಲಿಸುವುದು ಸುಲಭವಲ್ಲ, ಮತ್ತು ನೆರೆಹೊರೆಯವರ ಬೇಸರಕ್ಕೆ ಕೊನೆಗೆ ಗುರಿಯಾಗುವುದು ಏನೂ ಅರಿಯದ ಆ ಮರಿಯೇ. ಸೊಪ್ಪು, ತರಕಾರಿ ಬೆಳೆಯುವ ಪಾತಿಯೂ ತಕ್ಕ ಜಾಗವಲ್ಲ. ಮರಿಗಳ ಮಲದಲ್ಲಿರುವ ದುಂಡುಹುಳುಗಳ ಮೊಟ್ಟೆಗಳು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ ಮತ್ತು ಮನುಷ್ಯರಿಗೂ, ಅದರಲ್ಲೂ ಮಣ್ಣಿನಲ್ಲಿ ಆಡುವ ಮಕ್ಕಳಿಗೆ, ಸೋಂಕು ತರಬಲ್ಲವು. ಇದೇ ಕಾರಣಕ್ಕೆ ನಾಯಿಯ ಮಲವನ್ನು ತರಕಾರಿಗೆ ಗೊಬ್ಬರವಾಗಿ ಬಳಸಬಾರದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಬಹುಮಹಡಿ ಕಟ್ಟಡಗಳಲ್ಲಿ ಇರುವವರಿಗೆ ಈ ಆಯ್ಕೆ ಕಷ್ಟವಾಗುತ್ತದೆ. ಅದನ್ನು ಮುಂದೆ ಬೇರೆಯಾಗಿಯೇ ಹೇಳಿದೆ.

ಯಾವ ಹೊತ್ತಿಗೆ ಕರೆದೊಯ್ಯಬೇಕು

ಮರಿಯ ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಬರುವ ಸಂಖ್ಯೆಯಷ್ಟು ಗಂಟೆ ಅದು ಹೆಚ್ಚೆಂದರೆ ತಡೆದುಕೊಂಡೀತು ಎಂಬ ಅಂದಾಜಿನ ಲೆಕ್ಕವೊಂದಿದೆ. ಎರಡು ತಿಂಗಳ ಮರಿಗೆ ಮೂರು ಗಂಟೆ ಎಂದಾಯಿತು. ಆದರೆ ಇದು ಮರಿ ಸುಮ್ಮನೆ ಮಲಗಿರುವಾಗಿನ ಮೇಲ್ಮಿತಿ; ಎಚ್ಚರವಾಗಿ ಓಡಾಡುತ್ತಿರುವ ಮರಿಯನ್ನು ಆ ಮಿತಿಯವರೆಗೆ ಕಾಯಿಸಬಾರದು. ಮೊದಲ ವಾರಗಳಲ್ಲಿ ಹಗಲು ಹೊತ್ತು ಗಂಟೆಗೊಮ್ಮೆ ಹೊರಗೆ ಕರೆದೊಯ್ಯುವುದು ಸರಿಯಾದ ಕ್ರಮ. ಪೊಮೆರೇನಿಯನ್, ಶಿಟ್ಜು ಮುಂತಾದ ಸಣ್ಣ ತಳಿಗಳ ಮೂತ್ರಕೋಶವೂ ಸಣ್ಣದಾಗಿರುವುದರಿಂದ ಅವುಗಳಿಗೆ ಲ್ಯಾಬ್ರಡಾರ್ ಅಥವಾ ನಾಟಿ ಮರಿಗಿಂತ ಹೆಚ್ಚು ಸಲ ಬೇಕಾಗುತ್ತದೆ.

ಗಡಿಯಾರದ ಲೆಕ್ಕಕ್ಕಿಂತಲೂ ನಂಬಿಕೆಗೆ ಅರ್ಹವಾದದ್ದು ಮರಿಯ ದಿನಚರಿ. ನಿದ್ದೆಯಿಂದ ಎದ್ದ ಕೂಡಲೇ, ಅದು ಹತ್ತು ನಿಮಿಷದ ತೂಕಡಿಕೆಯಾಗಿದ್ದರೂ, ಹೊರಗೆ ಒಯ್ಯಬೇಕು. ಊಟ ಹೊಟ್ಟೆಗೆ ಬಿದ್ದೊಡನೆ ಕರುಳು ಚುರುಕಾಗುವುದರಿಂದ ಉಂಡ ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ಬಹುತೇಕ ಮರಿಗಳು ಮಲ ವಿಸರ್ಜಿಸುತ್ತವೆ. ಜೋರಾಗಿ ಆಡಿದ ಮೇಲೆ, ನೀರು ಕುಡಿದ ಸ್ವಲ್ಪ ಹೊತ್ತಿಗೆ, ರಾತ್ರಿ ಮಲಗುವ ಮುನ್ನ ಮತ್ತು ಬೆಳಗ್ಗೆ ಮನೆಯಲ್ಲಿ ಮೊದಲ ದೀಪ ಹೊತ್ತಿದಾಗ ಕರೆದೊಯ್ಯುವುದನ್ನು ತಪ್ಪಿಸಲೇಬಾರದು. ಬೆಳಗ್ಗೆ ಎದ್ದವರು ಹಾಲು ಕಾಯಿಸಿ, ಕಾಫಿ ಕುಡಿದು ಆಮೇಲೆ ಮರಿಯತ್ತ ನೋಡುವ ಮನೆಗಳಲ್ಲಿ ದಿನದ ಮೊದಲ ತಪ್ಪು ಆ ಹತ್ತು ನಿಮಿಷದಲ್ಲಿಯೇ ಆಗಿಬಿಡುತ್ತದೆ.

ಈ ದಿನಚರಿ ನಿಲ್ಲಬೇಕಾದರೆ ಊಟದ ಹೊತ್ತೂ ನಿಶ್ಚಿತವಾಗಿರಬೇಕು. ದಿನವಿಡೀ ಬಟ್ಟಲು ತುಂಬಿಟ್ಟರೆ ಹೊಟ್ಟೆ ಯಾವಾಗ ಖಾಲಿಯಾಗುತ್ತದೆಂದು ಯಾರಿಂದಲೂ ಊಹಿಸಲಾಗದು. ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ಅಥವಾ ನಾಲ್ಕು ಸಲ, ಗೊತ್ತಾದ ಹೊತ್ತಿಗೆ ಬಡಿಸಿ, ಹದಿನೈದು–ಇಪ್ಪತ್ತು ನಿಮಿಷದ ಮೇಲೆ ಉಳಿದದ್ದನ್ನು ಎತ್ತಿಡಬೇಕು. ನಮ್ಮ ಮನೆಗಳಲ್ಲಿ ಮರಿಗೆ ಹಾಲು ಅನ್ನವನ್ನೇ ಹಾಕುವ ವಾಡಿಕೆ ಬಲವಾಗಿದೆ. ತಾಯಿಹಾಲು ಬಿಟ್ಟ ಅನೇಕ ಮರಿಗಳಿಗೆ ಹಸುವಿನ ಹಾಲಿನ ಸಕ್ಕರೆಯಂಶ ಅರಗದೆ ಭೇದಿಯಾಗುತ್ತದೆ. ಭೇದಿಯಾಗುತ್ತಿರುವ ಮರಿಯಿಂದ ಶೌಚದ ಶಿಸ್ತನ್ನು ನಿರೀಕ್ಷಿಸುವುದು ಅನ್ಯಾಯ. ಆಹಾರವನ್ನು ಬದಲಿಸುವುದಾದರೂ ಒಂದು ವಾರದ ಅವಧಿಯಲ್ಲಿ ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಬದಲಿಸಬೇಕು.

ಹೊರಗೆ ಹೋದಾಗ

ಎದ್ದ ಮರಿಯನ್ನು ಬಾಗಿಲವರೆಗೆ ನಡೆಸಿಕೊಂಡು ಹೋಗುವ ಬದಲು ಮೊದಮೊದಲು ಎತ್ತಿಕೊಂಡೇ ಹೋಗುವುದು ಉತ್ತಮ; ನಡೆಯುತ್ತಿರುವ ಮರಿ ಯಾವ ಹೆಜ್ಜೆಯಲ್ಲಾದರೂ ಕೂತುಬಿಡಬಹುದು, ತೋಳಿನಲ್ಲಿರುವ ಮರಿ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಗೊತ್ತು ಮಾಡಿದ ಜಾಗದಲ್ಲಿ ಇಳಿಸಿ, ಕೊರಳಿನ ಬೆಲ್ಟಿಗೆ ಹಗುರವಾದ ಹಗ್ಗ ಹಾಕಿ, ಒಂದೇ ಕಡೆ ನಿಂತುಬಿಡಬೇಕು. ಮಾತನಾಡಿಸಬಾರದು, ಆಡಿಸಬಾರದು, ಮೊಬೈಲನ್ನೂ ನೋಡಬಾರದು, ಏಕೆಂದರೆ ಮರಿ ಕೂರುವ ಮುಂಚಿನ ಚಲನೆಗಳನ್ನು ನೋಡಿ ಕಲಿಯಬೇಕಾದವರು ನಾವು. ಮೂಗು ನೆಲಕ್ಕೆ ಅಂಟಿದಂತಾಗಿ ಅತ್ತಿತ್ತ ಮೂಸುವುದು ಇದ್ದಕ್ಕಿದ್ದಂತೆ ಒಂದೇ ಬಿಂದುವಿಗೆ ನಿಲ್ಲುತ್ತದೆ. ಮರಿ ಅದರ ಸುತ್ತ ಒಂದೆರಡು ಸುತ್ತು ಬರುತ್ತದೆ. ಬಾಲದ ಬುಡ ಮೇಲೇಳುತ್ತದೆ, ಹಿಂಗಾಲುಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಬೆನ್ನು ಬಾಗುತ್ತದೆ. ಇವೇ ಚಲನೆಗಳು ಮನೆಯೊಳಗೆ ಕಂಡಾಗ ಮೂರು ಸೆಕೆಂಡಿನಲ್ಲಿ ಗುರುತಿಸಿ ಎತ್ತಿಕೊಳ್ಳಬೇಕಾದರೆ ಹೊರಗೆ ಹತ್ತಾರು ಸಲ ಕಣ್ಣಿಟ್ಟು ನೋಡಿರಬೇಕು.

ಮರಿ ಕೂತಾಗ ಮೆಲುದನಿಯಲ್ಲಿ ಒಂದು ಪದ ಹೇಳಬೇಕು: ‘ಸೂಸು’ ಎಂದೋ, ‘ಮಾಡು’ ಎಂದೋ, ಯಾವುದಾದರೂ ಆಗಬಹುದು, ಆದರೆ ಅಜ್ಜಿಯಿಂದ ಹಿಡಿದು ಮನೆಗೆಲಸಕ್ಕೆ ಬರುವವರವರೆಗೆ ಎಲ್ಲರೂ ಅದನ್ನೇ ಹೇಳಬೇಕು. ಕೆಲವು ವಾರಗಳಲ್ಲಿ ಆ ಪದ ಕೇಳಿದ ಕೂಡಲೇ ಮರಿ ಜಾಗ ಹುಡುಕತೊಡಗುತ್ತದೆ; ಮಳೆಯಲ್ಲಿ ಕೊಡೆ ಹಿಡಿದು ನಿಂತವರಿಗೆ ಇದರ ಬೆಲೆ ತಿಳಿಯುತ್ತದೆ. ವಿಸರ್ಜನೆ ಪೂರ್ತಿಯಾಗುವವರೆಗೆ ಹೊಗಳಬಾರದು, ಏಕೆಂದರೆ ಉತ್ಸಾಹದಿಂದ ಕೂಗಿದರೆ ಮರಿ ಅರ್ಧಕ್ಕೇ ಎದ್ದು ಓಡಿ ಬರುತ್ತದೆ ಮತ್ತು ಉಳಿದರ್ಧವನ್ನು ಪಡಸಾಲೆಯಲ್ಲಿ ಮುಗಿಸುತ್ತದೆ. ಮುಗಿದ ಕ್ಷಣದಲ್ಲಿ, ಅಲ್ಲಿಯೇ, ಒಂದೆರಡು ಸೆಕೆಂಡಿನೊಳಗೆ ತಿನಿಸು ಕೊಡಬೇಕು. ಬೇಯಿಸಿದ ಕೋಳಿಯ ಚೂರು, ಪನೀರಿನ ತುಣುಕು, ಬೆಂದ ಕ್ಯಾರೆಟ್, ಯಾವುದಾದರೂ ಕಡಲೆಕಾಳಿನಷ್ಟು ಗಾತ್ರದ್ದು ಸಾಕು. ತಿನಿಸು ಅಡುಗೆಮನೆಯ ಡಬ್ಬಿಯಲ್ಲಿದ್ದು, ಒಳಗೆ ಬಂದ ಮೇಲೆ ಕೊಟ್ಟರೆ ಮರಿ ಅದನ್ನು ಬಾಗಿಲು ದಾಟಿ ಬಂದದ್ದಕ್ಕೆ ಸಿಕ್ಕ ಬಹುಮಾನವೆಂದು ತಿಳಿಯುತ್ತದೆ. ಆದ್ದರಿಂದ ಬಾಗಿಲ ಬಳಿಯಲ್ಲಿಯೇ ಒಂದು ಸಣ್ಣ ಡಬ್ಬಿಯನ್ನು ತೂಗುಹಾಕಿಡುವುದು ಒಳಿತು.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ಶೌಚ ಮುಗಿದ ತಕ್ಷಣ ಮರಿಯನ್ನು ಒಳಗೆ ಎಳೆದುಕೊಂಡು ಬಂದರೆ, ಕೂತ ಮರುಕ್ಷಣ ಹೊರಗಿನ ಸಂತೋಷ ಮುಗಿಯುತ್ತದೆ ಎಂಬ ಪಾಠವನ್ನು ಅದು ಕಲಿಯುತ್ತದೆ ಮತ್ತು ದಿನದಿಂದ ದಿನಕ್ಕೆ ಕೂರುವುದನ್ನು ಮುಂದೂಡುತ್ತದೆ. ಮೊದಲು ಶೌಚ, ಆಮೇಲೆ ಐದು ನಿಮಿಷ ಆಟ ಅಥವಾ ಸುತ್ತಾಟ ಎಂಬ ಕ್ರಮವನ್ನು ತಪ್ಪದೆ ಪಾಲಿಸಿದರೆ ಮರಿ ಬೇಗ ಕೂರುತ್ತದೆ. ಐದು ನಿಮಿಷ ನಿಂತರೂ ಏನೂ ಆಗದಿದ್ದರೆ ಒಳಗೆ ಕರೆತಂದು, ಮಡಿಲಲ್ಲಿ ಅಥವಾ ಅದರ ಗೂಡಿನಲ್ಲಿ ಇಟ್ಟುಕೊಂಡು, ಹತ್ತು–ಹದಿನೈದು ನಿಮಿಷದ ಮೇಲೆ ಮತ್ತೆ ಕರೆದೊಯ್ಯಬೇಕು. ‘ಹೊರಗೆ ಮಾಡಲಿಲ್ಲ, ಒಳಗೆ ಬಂದ ಕೂಡಲೇ ಮಾಡಿತು’ ಎಂಬ ದೂರು ಹುಟ್ಟುವುದು ಈ ಹದಿನೈದು ನಿಮಿಷ ಮರಿಯನ್ನು ಸ್ವತಂತ್ರವಾಗಿ ಬಿಟ್ಟಾಗ.

ಮನೆಯೊಳಗೆ

ಮರಿ ಕಣ್ಣಳತೆಯಲ್ಲಿರಬೇಕು, ಇಲ್ಲವೇ ಅದರ ಸಣ್ಣ ಜಾಗದಲ್ಲಿರಬೇಕು. ಇವೆರಡರ ನಡುವೆ ಮೂರನೆಯ ಸ್ಥಿತಿಯನ್ನು ಮೊದಲ ತಿಂಗಳಲ್ಲಿ ಅನುಮತಿಸಬಾರದು. ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಸುಲಭ ದಾರಿಯೆಂದರೆ ಹಗುರವಾದ ಹಗ್ಗದ ಒಂದು ತುದಿಯನ್ನು ಬೆಲ್ಟಿಗೂ ಇನ್ನೊಂದನ್ನು ನಮ್ಮ ಸೊಂಟಕ್ಕೂ ಕಟ್ಟಿಕೊಂಡು ಮನೆಗೆಲಸ ಮಾಡುವುದು. ಸಣ್ಣ ಜಾಗವೆಂದರೆ ಕ್ರೇಟ್, ಅಂದರೆ ಮರಿ ಮಲಗುವ ಪಂಜರದಂಥ ಗೂಡು, ಆಗಬಹುದು, ಎರಡು ಕುರ್ಚಿಗಳನ್ನು ಅಡ್ಡಲಾಗಿಟ್ಟು ಮಾಡಿದ ಮೂಲೆಯಾದರೂ ಆದೀತು. ಅದರಲ್ಲಿ ಮರಿ ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಸ್ಥಳವಿರಬೇಕು. ಅದಕ್ಕಿಂತ ಬಹಳ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದರಲ್ಲಿ ಶೌಚ ಮಾಡುತ್ತದೆ. ಇದು ಶಿಕ್ಷೆಯ ಜಾಗವಾಗಬಾರದು. ಊಟವನ್ನು ಅಲ್ಲಿಯೇ ಕೊಟ್ಟು, ಹಳೆಯ ಹತ್ತಿಸೀರೆಯ ಹಾಸಿಗೆ ಹಾಕಿ, ಮನೆಯವರು ಓಡಾಡುವಲ್ಲಿಯೇ ಇಟ್ಟರೆ ಮರಿ ತಾನಾಗಿ ಹೋಗಿ ಮಲಗುತ್ತದೆ. ಹಾಸಿಗೆಯ ಮೇಲೆಯೇ ಪದೇ ಪದೇ ಮೂತ್ರ ಮಾಡುತ್ತಿದ್ದರೆ ಒಳಗಿಡುವ ಅವಧಿ ಹೆಚ್ಚಾಗಿದೆ ಎಂದೇ ಅರ್ಥ.

ಎಷ್ಟು ಎಚ್ಚರವಹಿಸಿದರೂ ಕೆಲವು ಸಲ ಒಳಗೆ ಆಗಿಯೇ ಆಗುತ್ತದೆ. ಮಾಡುತ್ತಿರುವಾಗಲೇ ಕಂಡರೆ ಮೆಲ್ಲನೆ ಚಪ್ಪಾಳೆ ತಟ್ಟಿ ಗಮನ ಸೆಳೆದು, ಎತ್ತಿಕೊಂಡು ಹೊರಗೆ ಹೋಗಿ, ಅಲ್ಲಿ ಮುಗಿಸಿದರೆ ಹೊಗಳಬೇಕು. ಆದ ಮೇಲೆ ಕಂಡರೆ ಸುಮ್ಮನೆ ಒರೆಸಬೇಕು. ಮರಿಯ ಮೂತಿಯನ್ನು ಮೂತ್ರಕ್ಕೆ ಉಜ್ಜುವುದು, ಸುತ್ತಿದ ದಿನಪತ್ರಿಕೆಯಿಂದ ಹೊಡೆಯುವುದು, ಅಲ್ಲಿಗೆ ಎಳೆದುತಂದು ಬೈಯುವುದು ಇವೆಲ್ಲ ನಮ್ಮಲ್ಲಿ ಇನ್ನೂ ‘ಬುದ್ಧಿ ಕಲಿಸುವುದು’ ಎಂದೇ ನಡೆದಿವೆ. ಇವನ್ನು ಪೂರ್ತಿಯಾಗಿ ಬಿಡಬೇಕೆಂದು ಒತ್ತಾಯದಿಂದ ಹೇಳುತ್ತೇನೆ. ಕೆಲವು ನಿಮಿಷಗಳ ಹಿಂದೆ ಮಾಡಿದ್ದಕ್ಕೂ ಈಗ ಬಿದ್ದ ಏಟಿಗೂ ಇರುವ ಸಂಬಂಧ ಮರಿಗೆ ತಿಳಿಯುವುದಿಲ್ಲ. ಮನುಷ್ಯರ ಎದುರಿಗೆ ಶೌಚ ಮಾಡುವುದು ಅಪಾಯ ಎಂಬುದಷ್ಟೇ ತಿಳಿಯುತ್ತದೆ. ಆಮೇಲೆ ಅದು ಸೋಫಾದ ಹಿಂದೆ, ಮಂಚದ ಕೆಳಗೆ ಅಡಗಿ ಮಾಡುತ್ತದೆ, ಮತ್ತು ಹೊರಗೆ ಹಗ್ಗ ಹಿಡಿದು ನಿಂತವರ ಎದುರಿಗೂ ಕೂರಲು ಹೆದರುತ್ತದೆ. ಬೈದಾಗ ಕಿವಿ ಹಿಂದಕ್ಕೆ ಮಾಡಿ ಮುದುರಿಕೊಳ್ಳುವುದನ್ನು ‘ತಪ್ಪು ಒಪ್ಪಿಕೊಂಡಿತು’ ಎಂದು ಭಾವಿಸಬಾರದು. ಅದು ಬರಿಯ ಭಯ.

ಮನೆಗೆ ಯಾರಾದರೂ ಬಂದಾಗ ಅಥವಾ ಮೇಲಿನಿಂದ ಬಾಗಿ ಮುಟ್ಟಿದಾಗ ನಾಲ್ಕು ಹನಿ ಬೀಳುವುದು ಬೇರೆಯೇ ವಿಷಯ. ಉದ್ವೇಗದಿಂದಲೋ ಅಂಜಿಕೆಯಿಂದಲೋ ತಾನಾಗಿ ಆಗುವ ಇದು ವಯಸ್ಸಾದಂತೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಬಂದವರು ಪಕ್ಕಕ್ಕೆ ತಿರುಗಿ ಕೆಳಗೆ ಕೂತು ಮಾತನಾಡಿಸಿದರೆ ಸಾಕು, ಗದರಿಸಿದರೆ ಹೆಚ್ಚುತ್ತದೆ.

ಒರೆಸುವ ವಿಧಾನ

ಮೊದಲು ಹಳೆಯ ಬಟ್ಟೆಯಿಂದ ಒತ್ತಿ ಮೂತ್ರವನ್ನು ಹೀರಿಸಬೇಕು. ಉಜ್ಜಿದರೆ ಟೈಲ್ಸಿನ ಸಂದುಗಳಿಗೆ ಹರಡುತ್ತದೆ. ಆಮೇಲೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಕಿಣ್ವಗಳಿರುವ ದ್ರಾವಣವನ್ನು ಸುರಿದು ಅದರ ಮೇಲೆ ಸೂಚಿಸಿದಷ್ಟು ಹೊತ್ತು ಬಿಡಬೇಕು. ಅದು ಮೂತ್ರದ ವಾಸನೆಯ ಮೂಲವನ್ನೇ ಒಡೆಯುತ್ತದೆ. ಫಿನಾಯಿಲ್ ಹಾಕಿದಾಗ ನಮ್ಮ ಮೂಗಿಗೆ ವಾಸನೆ ಮುಚ್ಚಿಹೋದರೂ ಮರಿಯ ಮೂಗಿಗೆ ಹೋಗುವುದಿಲ್ಲ. ಮೇಲಾಗಿ ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕುವ ಮರಿಗೆ ಅದು ಹಾನಿಕರ. ಅಮೋನಿಯಾ ಇರುವ ದ್ರಾವಣಗಳ ವಾಸನೆ ಮೂತ್ರವನ್ನೇ ಹೋಲುವುದರಿಂದ ಅವು ಮರಿಯನ್ನು ಅದೇ ಜಾಗಕ್ಕೆ ಕರೆಯುತ್ತವೆ. ಬ್ಲೀಚನ್ನು ವಿನೆಗರಿನ ಜೊತೆಗಾಗಲಿ ಹಸಿ ಮೂತ್ರದ ಮೇಲಾಗಲಿ ಹಾಕಬಾರದು, ವಿಷಾನಿಲ ಹುಟ್ಟುತ್ತದೆ. ಕಾಲೊರಸು, ಜಮಖಾನೆಗಳನ್ನು ಕೆಲವು ತಿಂಗಳು ಎತ್ತಿಡುವುದು ಇವೆಲ್ಲಕ್ಕಿಂತ ಸುಲಭ.

ರಾತ್ರಿ

ಮಲಗಿರುವಾಗ ಮೂತ್ರ ನಿಧಾನವಾಗಿ ತುಂಬುವುದರಿಂದ ಮರಿ ರಾತ್ರಿ ಹಗಲಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ. ಆದರೂ ಎರಡು–ಮೂರು ತಿಂಗಳ ಮರಿಗೆ ನಡುರಾತ್ರಿ ಒಂದು ಸಲವಾದರೂ ಹೊರಗೆ ಹೋಗಬೇಕಾಗುತ್ತದೆ. ಅದರ ಗೂಡು ನಮ್ಮ ಮಂಚದ ಪಕ್ಕದಲ್ಲಿದ್ದರೆ ಕುಂಯ್‌ಗುಟ್ಟುವುದು ಕೇಳಿಸುತ್ತದೆ. ದೀಪ ಹೆಚ್ಚು ಹಾಕದೆ, ಆಡಿಸದೆ, ಹೊರಗೆ ಒಯ್ದು ತಂದು ಮತ್ತೆ ಮಲಗಿಸಬೇಕು. ರಾತ್ರಿಯ ಊಟವನ್ನು ಮಲಗುವುದಕ್ಕೆ ಮೂರು ಗಂಟೆ ಮೊದಲೇ ಮುಗಿಸಿದರೆ ಒಳ್ಳೆಯದು. ನೀರಿನ ಬಟ್ಟಲನ್ನು ಮಲಗುವ ಮುಂಚಿನ ಒಂದು ಗಂಟೆ ಎತ್ತಿಡಬಹುದು; ಆದರೆ ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಿಗೆಯಲ್ಲಿ ಹಾಗೆ ಮಾಡಬಾರದು, ಹಗಲಿನಲ್ಲಂತೂ ಎಲ್ಲಿಯೂ ನೀರು ತಪ್ಪಿಸಬಾರದು. ಬಾಯಾರಿದ ಮರಿಗಿಂತ ಒದ್ದೆಯಾದ ನೆಲ ಎಷ್ಟೋ ಮೇಲು.

ಫ್ಲ್ಯಾಟಿನಲ್ಲಿ ಸಾಕುವವರು ಮತ್ತು ಲಸಿಕೆ

ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭವಾಗುವ ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳ ಲಸಿಕೆಯನ್ನು ಮೂರು–ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರ ತುಂಬುವವರೆಗೆ ಕೊಡಿಸಬೇಕಾಗುತ್ತದೆ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಬರುತ್ತದೆ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುವುದರಿಂದ, ಅನೇಕ ನಾಯಿಗಳು ಓಡಾಡುವ ಪಾರ್ಕು, ರಸ್ತೆಬದಿಗಳಲ್ಲಿ ಲಸಿಕೆ ಮುಗಿಯದ ಮರಿಯನ್ನು ಇಳಿಸುವುದು ಅಪಾಯಕರ. ಹೀಗೆಂದು ನಾಲ್ಕು ತಿಂಗಳು ಮನೆಯೊಳಗೇ ಇಟ್ಟು, ದಿನಪತ್ರಿಕೆಯ ಮೇಲೆ ಮಾಡಿಸಿ, ಆಮೇಲೆ ಹೊರಗೆ ಕಲಿಸುತ್ತೇನೆಂದರೆ ಮರಿ ಒಂದು ಸಲ ಕಲಿತದ್ದನ್ನು ಮರೆಯಿಸಿ ಇನ್ನೊಂದನ್ನು ಕಲಿಸಬೇಕಾಗುತ್ತದೆ.

ಇದಕ್ಕೆ ನಡುವಿನ ದಾರಿಯಿದೆ. ಬಾಲ್ಕನಿಯಲ್ಲಿ ಅಂಚಿರುವ ಅಗಲವಾದ ತಟ್ಟೆಯಿಟ್ಟು ಅದರಲ್ಲಿ ನರ್ಸರಿಯಿಂದ ತಂದ ಹುಲ್ಲಿನ ಹಾಸನ್ನು ಕೂರಿಸಿ, ಹೊರಗೆ ಹೋಗುವಾಗಿನ ಕ್ರಮವನ್ನೆಲ್ಲ ಅಲ್ಲಿ ಪಾಲಿಸಬೇಕು: ಹಗ್ಗ ಹಾಕುವುದು, ಸುಮ್ಮನೆ ನಿಲ್ಲುವುದು, ಪದ ಹೇಳುವುದು, ತಿನಿಸು ಕೊಡುವುದು. ಕಾಲಿಗೆ ಹುಲ್ಲು ರೂಢಿಯಾಗಿರುವುದರಿಂದ ಲಸಿಕೆ ಮುಗಿದ ಮೇಲೆ ಕೆಳಗಿನ ಹುಲ್ಲಿಗೆ ಒಯ್ದಾಗ ಮರಿಗೆ ಹೊಸತೆನಿಸುವುದಿಲ್ಲ. ಮೊದಲ ದಿನ ಬಾಲ್ಕನಿಯ ಹುಲ್ಲಿನ ಒಂದು ತುಂಡನ್ನೇ ಕೆಳಗೆ ಒಯ್ದು ಹಾಕಿದರೆ ತನ್ನದೇ ವಾಸನೆ ಹಿಡಿದು ಬೇಗ ಕೂರುತ್ತದೆ. ಬಾಲ್ಕನಿಯ ಕಂಬಿಗಳ ನಡುವೆ ಮರಿ ತೂರದಂತೆ ಜಾಲರಿ ಕಟ್ಟುವುದನ್ನು ಮರೆಯಬಾರದು. ಲಿಫ್ಟಿನಲ್ಲಿ ಮರಿಯನ್ನು ಎತ್ತಿಕೊಂಡಿರಬೇಕು; ಲಿಫ್ಟಿಗಾಗಿ ಕಾಯುವ ಹೊತ್ತು ಮತ್ತು ಅದರ ಕುಲುಕಾಟ ಮರಿಯ ತಾಳ್ಮೆಯನ್ನು ಮೀರುತ್ತವೆ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು ನಿವಾಸಿ ಸಂಘಗಳು ಸಾಕುನಾಯಿಗಳಿಗೆ ಲಿಫ್ಟನ್ನು ನಿಷೇಧಿಸುವಂತಿಲ್ಲ ಎಂದು ಹೇಳುವುದರೊಂದಿಗೆ, ಸಾರ್ವಜನಿಕ ಜಾಗದಲ್ಲಿ ಬಿದ್ದ ಮಲವನ್ನು ಮಾಲೀಕರು ಶುಚಿ ಮಾಡಬೇಕೆಂದೂ ಸಲಹೆ ಕೊಟ್ಟಿದೆ. ಮೊದಲನೆಯದನ್ನು ಸಂಘದ ಸಭೆಯಲ್ಲಿ ಎತ್ತಿ ಹಿಡಿಯುವವರು ಎರಡನೆಯದನ್ನು ಪ್ರತಿದಿನ ಪಾಲಿಸಬೇಕು. ಹಳೆಯ ಪತ್ರಿಕೆಯ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರೆ ಎತ್ತುವುದಕ್ಕೆ ಸಾಕಾಗುತ್ತದೆ.

ಮಳೆ, ಬಿಸಿಲು, ಪಟಾಕಿ

ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣನೆಲವೇ ಸಿಗುವುದಿಲ್ಲ, ಮತ್ತು ಮುಧೋಳದಂಥ ತುಂಡುಗೂದಲಿನ ತಳಿಯ ಮರಿಗಳು ಒದ್ದೆ ಹುಲ್ಲಿಗೆ ಕಾಲಿಡಲು ಹಿಂಜರಿಯುವುದುಂಟು. ಮನೆಯ ಸೂರಿನ ಅಡಿಯಲ್ಲಿ ಅಥವಾ ಕೊಟ್ಟಿಗೆಯ ಬದಿಯಲ್ಲಿ ತಗಡು ಹೊದಿಸಿದ ಮಣ್ಣಿನ ಮೂಲೆಯೊಂದನ್ನು ಮಳೆಗೆ ಮುಂಚೆಯೇ ರೂಢಿ ಮಾಡಿಸಿದ್ದರೆ ತೊಂದರೆಯಾಗದು. ಇಲಿಗಳ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗಳಿಗೂ ಬರುವುದರಿಂದ ನಿಂತ ನೀರಿನಿಂದ ದೂರವಿರಿಸಿ, ಒಳಗೆ ಬಂದ ಮೇಲೆ ಪಾದಗಳನ್ನು ಒರೆಸಿ, ಬೆರಳ ಸಂದಿನಲ್ಲಿ ಇಂಬಳ, ಉಣ್ಣೆಗಳಿವೆಯೇ ಎಂದು ನೋಡಬೇಕು. ಬೇಸಿಗೆಯ ಮಧ್ಯಾಹ್ನ ಕಲ್ಲುಚಪ್ಪಡಿ, ಡಾಂಬರುಗಳ ಮೇಲೆ ನಮ್ಮ ಅಂಗೈಯನ್ನು ಇಡಲಾಗದಿದ್ದರೆ ಮರಿಯ ಪಾದಕ್ಕೂ ಅದು ಸುಡುತ್ತದೆ. ದೀಪಾವಳಿಯ ದಿನಗಳಲ್ಲಿ ಪಟಾಕಿ ಆರಂಭವಾಗುವ ಮೊದಲೇ, ಸಂಜೆ ಬೆಳಕಿರುವಾಗಲೇ ಶೌಚ ಮುಗಿಸಬೇಕು. ಕೂತಿರುವಾಗ ಪಕ್ಕದಲ್ಲೊಂದು ಸಿಡಿದರೆ ಆ ಜಾಗಕ್ಕೇ ಬರಲು ಮರಿ ವಾರಗಟ್ಟಲೆ ಒಪ್ಪದಿರಬಹುದು, ಆಗ ಬೇರೆ ಮೂಲೆಯಿಂದ ಮತ್ತೆ ಆರಂಭಿಸಬೇಕು.

ಹಿನ್ನಡೆ ಮತ್ತು ಅನಾರೋಗ್ಯ

ಬಹಳಷ್ಟು ಮರಿಗಳು ನಾಲ್ಕರಿಂದ ಆರು ತಿಂಗಳೊಳಗೆ ನೆಚ್ಚಬಹುದಾದ ಮಟ್ಟಿಗೆ ಕಲಿಯುತ್ತವೆ, ಕೆಲವಕ್ಕೆ ವರ್ಷ ಹಿಡಿಯುತ್ತದೆ. ಚೆನ್ನಾಗಿ ಕಲಿತ ಮರಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ ಶಿಸ್ತಿನ ಮಾತಿಗೆ ಮೊದಲು ಆರೋಗ್ಯವನ್ನು ವಿಚಾರಿಸಬೇಕು. ಪದೇ ಪದೇ ಕೂತು ಸ್ವಲ್ಪವೇ ಮೂತ್ರ ಮಾಡುವುದು, ತಿಣುಕುವುದು, ಮೂತ್ರದಲ್ಲಿ ರಕ್ತ ಕಾಣುವುದು ಸೋಂಕಿನ ಲಕ್ಷಣಗಳಾಗಿರಬಹುದು. ರಕ್ತ ಬೆರೆತ ಭೇದಿ ಮತ್ತು ವಾಂತಿ ಕಂಡರೆ ಒಂದು ದಿನವೂ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು, ಏಕೆಂದರೆ ಪಾರ್ವೊ ಮರಿಗಳನ್ನು ಬಹು ಬೇಗ ಬಲಿ ತೆಗೆದುಕೊಳ್ಳುತ್ತದೆ. ಜಂತುಹುಳುವಿನ ಔಷಧಿಯನ್ನು ವೈದ್ಯರು ಹೇಳಿದ ಅಂತರದಲ್ಲಿ ಕೊಡುತ್ತಿರಬೇಕು. ಆರು ತಿಂಗಳು ದಾಟಿದ ಗಂಡು ಮರಿ ಕಾಲೆತ್ತಿ ಕಂಬ, ಪರದೆಗಳಿಗೆ ಗುರುತು ಹಾಕುವುದು ಪ್ರಾಯದ ಲಕ್ಷಣ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಅನೇಕ ನಾಯಿಗಳಲ್ಲಿ ಇದು ತಗ್ಗುತ್ತದೆ.

ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಹೊರಟು ಸಂಜೆ ಬರುವ ಮನೆಯಲ್ಲಿ ನಡುವೆ ಒಂದೆರಡು ಸಲ ಬಂದು ಹೊರಗೆ ಕರೆದೊಯ್ಯುವವರು ಯಾರೂ ಇಲ್ಲದಿದ್ದರೆ, ಎರಡು ತಿಂಗಳ ಮರಿಯನ್ನು ಆ ದಿನಗಳಲ್ಲಿ ತರದಿರುವುದೇ ಸರಿ ಎಂದು ನನ್ನ ಅಭಿಪ್ರಾಯ. ರಜೆ ಹಾಕಲು ಸಾಧ್ಯವಾಗುವವರೆಗೆ ಕಾಯಬಹುದು, ಅಥವಾ ಈಗಾಗಲೇ ಕಲಿತಿರುವ ದೊಡ್ಡ ನಾಯಿಯನ್ನು ದತ್ತು ಪಡೆಯಬಹುದು.

ಕೆಲವು ವಾರ ಒಳಗೆ ಏನೂ ಆಗದಿದ್ದರೆ ಒಂದು ಕೋಣೆಯನ್ನು ಹೆಚ್ಚಾಗಿ ಬಿಟ್ಟುಕೊಡಬೇಕು, ಅದರಲ್ಲಿಯೂ ಶುಚಿಯಾಗಿದ್ದರೆ ಇನ್ನೊಂದನ್ನು. ಹೊಸ ಕೋಣೆಯಲ್ಲಿ ಮೊದಲ ದಿನ ಮರಿಯೊಂದಿಗೆ ಕೂತು ಆಡಿ, ಅಲ್ಲಿಯೇ ತಿನಿಸು ಕೊಟ್ಟರೆ ಅದು ಆ ಕೋಣೆಯನ್ನೂ ತನ್ನ ವಾಸದ ಜಾಗವೆಂದು ಬಗೆಯುತ್ತದೆ. ಬಾಗಿಲ ಬಳಿ ಹೋಗಿ ನಿಂತು ನಮ್ಮ ಮುಖ ನೋಡತೊಡಗಿದ ದಿನದಿಂದ ಆ ನೋಟಕ್ಕೆ ತಡಮಾಡದೆ ಓಗೊಡಬೇಕು. ನಾಲ್ಕು ಸಲ ಅಲಕ್ಷಿಸಿದರೆ ಮರಿ ಕೇಳುವುದನ್ನೇ ಬಿಡುತ್ತದೆ. ಹಬ್ಬಕ್ಕೆಂದು ಊರಿಗೆ ಕರೆದೊಯ್ದಾಗ ಅಜ್ಜಿಯ ಮನೆಯ ಪಡಸಾಲೆಯೂ ಮನೆಯೇ ಎಂಬುದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಕಾರಿನಿಂದ ಇಳಿಸಿದ ಕೂಡಲೇ ಹಿತ್ತಲಿಗೆ ಕರೆದೊಯ್ದು, ಅಲ್ಲಿ ಮುಗಿಸಿದ ಮೇಲೆಯೇ ಹೊಸ್ತಿಲು ದಾಟಿಸಬೇಕು. ಮೊದಲ ಎರಡು ದಿನ ಹಗ್ಗವನ್ನು ಕೈಯಲ್ಲಿಯೇ ಹಿಡಿದಿರಬೇಕು.